ದ್ವೀಪಕ್ಕೆ ಹೋಗಿ ಬಂದ ಸ್ವೆಟರ್

"ಮಾರ್ಚ್‌ನಲ್ಲಿ ಅಂಡಮಾನ್ ಎಂಗಿರುತ್ತೆ ಸಾ?" ಎಂದು ಹಾಸನದಲ್ಲಿ ಈಗ ಯಾರಾದರೂ ಕೇಳಿದರೆ ನನಗೆ ಒಳಗೊಳಗೇ ಖುಷಿ. ಬಿಸಿಲಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ, ಬೆವರು ಮಾತ್ರ ಧಾರಾಳ ಎಂದು ಗಂಭೀರವಾಗಿ ಹೇಳುತ್ತೇನೆ.

ಹವೆಯ ವಿಷಯದಲ್ಲಿ ನಾವು ಹಾಸನದವರಿಗೆ ಸ್ವಲ್ಪ ಜಂಬ. ಬಡವರ ಊಟಿ ಎಂದು ಯಾರೋ ಕರೆದದ್ದನ್ನು ಬಿರುದೆಂದೇ ತಿಳಿದವರು. ಚನ್ನರಾಯಪಟ್ಟಣದ ಮದುವೆಗೆ ಹೊರಟರೂ ಚೀಲದ ತಳಕ್ಕೆ ಮೊದಲು ಬೀಳುವುದು ಸ್ವೆಟರ್. ಅಂಡಮಾನಿಗೂ ಬಿತ್ತು. "ಸಮುದ್ರದ ಗಾಳಿ ಕಣ್ಲಾ, ಇರ್ಲಿ" ಎಂದು ಅದನ್ನು ತುರುಕಿದವಳು ನನ್ನ ಅವ್ವ.

ಆದರೆ ಆ ಪ್ರವಾಸದ ನಿಜವಾದ ಚಿಂತೆ ಚಂದ್ರನದು. ನನ್ನ ಮೇಷ್ಟ್ರಗಿರಿಯ ರಜೆ ಹೊಂದಿದ್ದು ಯುಗಾದಿಯ ವಾರಕ್ಕೇ. ಹಬ್ಬದ ಮಾರನೆಯ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ನನ್ನ ಹೆಂಡತಿ ಗಿರಿಜ ಮದುವೆಯಾಗಿ ಬಂದ ಮೊದಲ ಯುಗಾದಿಯಲ್ಲಿ ತವರು ನೆನೆದು ಅಳುತ್ತಿದ್ದಾಗ, ಅವ್ವ ಅವಳ ಕೈಹಿಡಿದು ಮಹಡಿಗೆ ಕರೆದೊಯ್ದು ಚಂದ್ರನನ್ನು ತೋರಿಸಿದ್ದಳು. ಅಂದಿನಿಂದ ಅತ್ತೆ ಸೊಸೆ ಜೊತೆಯಲ್ಲೇ ನೋಡುವುದು; ನಾನು ಹಿಂದೆ ನಿಲ್ಲುವ ಮೂರನೆಯವನು. ಈ ಸಲ ಅವ್ವ ಹೊಳೆನರಸೀಪುರದ ನನ್ನ ತಮ್ಮನ ಮನೆಯಲ್ಲಿ, ನಾವು ದ್ವೀಪದಲ್ಲಿ. "ಚಂದ್ರ ಕಾಣದಿದ್ರೆ ನಿಮ್ಮ ಸಮುದ್ರ ನಂಗೆ ಬ್ಯಾಡ ಕಣ್ರೀ" ಎಂದು ಗಿರಿಜ ಹೊರಡುವ ಮೊದಲೇ ಹೇಳಿದ್ದಳು. ತೋರಿಸುತ್ತೇನೆಂದು ಮಾತು ಕೊಟ್ಟೆ.

ಕೊಟ್ಟ ಮೇಲೆ ಫೋನಿನಲ್ಲಿ ಹವಾಮಾನ ನೋಡುವ ಚಟ ಹತ್ತಿತು. ಮೋಡ, ಗಾಳಿ, ಅಲೆ, ಎಲ್ಲವನ್ನೂ ಹಲ್ಲುಜ್ಜುವಾಗಲೂ ನೋಡಿದೆ.

ದ್ವೀಪದಲ್ಲಿ ವಸಂತವನ್ನೂ ಹುಡುಕಿದೆನೆನ್ನಿ. ಪಂಚಾಂಗದ ವಸಂತಕ್ಕೆ ಮಾವಿನ ಚಿಗುರು ಬೇಕು, ಕೋಗಿಲೆ ಬೇಕು, ಎಲ್ಲಕ್ಕಿಂತ ಮೊದಲು ಒಂದು ಚಳಿಗಾಲ ಬೇಕು. ಚಳಿಯೇ ಇಲ್ಲದ ಊರಿನಲ್ಲಿ ಪಾಪ, ವಸಂತ ಯಾರಿಂದ ಅಧಿಕಾರ ವಹಿಸಿಕೊಳ್ಳಬೇಕು? ಇಲ್ಲಿರುವುದು ಎರಡೇ ಕಾಲ, ಮಳೆ ಬರುವುದು ಮತ್ತು ಬರದಿರುವುದು ಎಂದು ಹೋಟೆಲಿನವನು ಹಿಂದಿಯಲ್ಲಿ ಹೇಳಿ ನಕ್ಕ. ಬರದಿರುವ ಕಾಲದಲ್ಲೂ, ಯುಗಾದಿಯ ದಿನ ನಾವು ಬಂದಿಳಿದ ಮಧ್ಯಾಹ್ನ ಒಂದು ಮಳೆ ಬಂತು. ಐದೂವರೆ ದಾಟುತ್ತಿದ್ದಂತೆ ಕತ್ತಲು ಕವಿಯಿತು. "ಮೋಡ ಕಣೆ, ನಮ್ಮೂರ ಥರಾನೇ" ಎಂದು ಘೋಷಿಸಿ ಮಲಗಿದೆ.

ಮಾರನೆಯ ದಿನ ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆ. ನಾನೇ ತೊಳೆದೆನೇನೋ ಎಂಬಷ್ಟು ಹೆಮ್ಮೆ ನನಗೆ. ಬೆಳಗಿನಿಂದ ಬೆವರಿ ಸುಸ್ತಾಗಿ, ಮಧ್ಯಾಹ್ನ ಪರದೆ ಎಳೆದು, ಏಸಿಯ ಚಳಿಗೆ ಸ್ವೆಟರ್ ತೊಟ್ಟು ಚೆನ್ನಾಗಿ ನಿದ್ದೆ ಮಾಡಿದೆವು. ಎದ್ದು ಸ್ನಾನ ಮಾಡಿ, ಗಿರಿಜ ಹೊಸ ಸೀರೆ ಉಟ್ಟು, ನಾನು ಸ್ವೆಟರನ್ನು ಹೆಗಲಿಗೇರಿಸಿ, ಊರಲ್ಲಿ ಮಹಡಿ ಹತ್ತುವ ಹೊತ್ತಿಗೇ, ಏಳರ ಸುಮಾರಿಗೆ, ಪಡುವಣ ದಂಡೆಗೆ ಬಂದೆವು.

ಕಗ್ಗತ್ತಲು. ನಕ್ಷತ್ರಗಳಿದ್ದವು, ಚಂದ್ರನಿರಲಿಲ್ಲ.

ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಮೂಡಣದವರಿಗೆ ಸೂರ್ಯ ಬೇಗ ಮುಳುಗುತ್ತಾನೆ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನು! ಹಿಂದಿನ ದಿನದ ಕತ್ತಲು ಮೋಡದ್ದಲ್ಲ, ಸಂಜೆಯದೇ. ಇವತ್ತು ನಾವು ಪರದೆಯೊಳಗೆ ಗೊರಕೆ ಹೊಡೆಯುವಾಗಲೇ ಸೂರ್ಯ ಮುಳುಗಿ, ಅವನ ಬೆನ್ನಿಗೇ ಎಳೆ ಚಂದ್ರನೂ ಇಳಿದುಹೋಗಿದ್ದ. ಗಿರಿಜ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರಳಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಅವ್ವನ ವಿಡಿಯೊ ಕಾಲ್ ಬಂತು.

"ಚಂದ್ರ ಕಂಡ್ನೇನ್ಲಾ?"

"ಮುಳುಗೋದ ಕಣವ್ವ."

"ಅದೆಂಗ್ಲಾ ಮುಳುಗ್ತಾನೆ? ಇಲ್ಲೇ ಅವ್ನಲ್ಲ!"

ಅವ್ವ ಫೋನನ್ನು ಆಕಾಶಕ್ಕೆ ತಿರುಗಿಸಿದಳು. ಹೊಳೆನರಸೀಪುರದಲ್ಲಿ ಪಡುವಣ ಇನ್ನೂ ಕೆಂಪಗಿತ್ತು. ನೀರಿನ ಟ್ಯಾಂಕಿನ ಮೇಲೆ, ಉಗುರಿನ ಚೂರಿನಷ್ಟು ಬಿಳುಪು.

"ಕಂಡ ಅತ್ತೆ, ಕಂಡ!" ಗಿರಿಜ ಎದ್ದು ನಿಂತು ಫೋನಿಗೇ ಕೈಮುಗಿದಳು.

"ಜೊತೇಲೇ ನೋಡಿದ್ವಲ್ಲ ಮಗ, ಅಳಬ್ಯಾಡ ಸುಮ್ಕಿರು. ಕಾಲಿಗ್ ಬೀಳು ಮತ್ತೆ" ಎಂದಳು ಅವ್ವ.

ಅವ್ವನನ್ನು ಒದ್ದೆ ಮರಳಿನ ಮೇಲೆ ಇಡುವುದು ಹೇಗೆ? ಹೆಗಲ ಮೇಲಿನ ಸ್ವೆಟರನ್ನು ಮಡಿಸಿ ಹಾಸಿ, ಅದಕ್ಕೆ ಫೋನನ್ನು ಒರಗಿಸಿದೆ. ಇಬ್ಬರೂ ಬಗ್ಗಿ ನಮಸ್ಕರಿಸಿದೆವು. ಓಡಾಡುತ್ತಿದ್ದ ಪ್ರವಾಸಿಗರು ನಿಂತು ನೋಡಿದರು, ನೋಡಲಿ ಬಿಡಿ.

"ನೂರ್ಕಾಲ ಚೆನ್ನಾಗಿರ್ರಪ್ಪ" ಎಂದ ಅವ್ವ ಮರುಕ್ಷಣವೇ, "ಸ್ವೆಟ್ರು ಆಕ್ಕಂಡಿದ್ದೀಯೇನ್ಲಾ?" ಎಂದಳು.

"ಉಪಯೋಗಕ್ಕೆ ಬಂತು ಕಣವ್ವ" ಎಂದೆ.

ಅದಕ್ಕೇ, ದ್ವೀಪದ ಹವೆ ಕೇಳಿದವರಿಗೆ ಬಿಸಿಲು ಬೆವರು ಎಲ್ಲ ಹೇಳಿ ಮುಗಿಸಿ, ಸಂಜೆ ಬೇಗ ಹೊರಡಿ, ಒಂದು ಸ್ವೆಟರೂ ಇರಲಿ ಎನ್ನುತ್ತೇನೆ.

"ಅಲ್ಲಿ ಚಳಿ ಆಯ್ತದಾ ಸಾ?" ಎನ್ನುತ್ತಾರೆ.

"ಚೂರೂ ಇಲ್ಲ" ಎನ್ನುತ್ತೇನೆ.