ಅಂಚಿಗೆ ಮುಟ್ಟದ ಮದ್ದು

ಹೆರಿಗೆ ಆಸ್ಪತ್ರೆಯಲ್ಲಿ ಬಸುರಿಯರ ಹೊಟ್ಟೆ ಸ್ಕ್ಯಾನ್ ಮಾಡುತ್ತಿದ್ದ ಅವಳು ಪ್ರಯೋಗಾಲಯದಲ್ಲಿ ಇಲಿಗಳ ತಲೆಗೆ ಶಬ್ದ ಹಾಯಿಸುವ ಕೆಲಸಕ್ಕೆ ಸೇರಿದಾಗ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವನು ಗಂಡನ ಅಣ್ಣ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ ಆ ಭಾವನಿಗೆ ಯಾರನ್ನಾದರೂ ರೇಗಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ಏನಮ್ಮ, ಇಲಿಗಳೂ ಮಗು ಹೇಗಿದೆ ಅಂತ ಕೇಳ್ತವಾ?"

ಕೆಲಸ ಮಾತ್ರ ನಗುವಂಥದ್ದಾಗಿರಲಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ವಿಷವನ್ನು ತಡೆಯುವಂತೆಯೇ ಮದ್ದನ್ನೂ ತಡೆಯುತ್ತದೆ. ಮಿದುಳಿನಲ್ಲಿ ಗಡ್ಡೆ ಬೆಳೆಸಿದ ಇಲಿಗೆ ಅರಿವಳಿಕೆ ಕೊಟ್ಟು, ಬಾಲದ ರಕ್ತನಾಳಕ್ಕೆ ಮದ್ದನ್ನೂ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನೂ ಸೂಜಿಯಿಂದ ಹಾಯಿಸಿ, ಬೋಳಿಸಿದ ನೆತ್ತಿಗೆ ಜೆಲ್ ಹಚ್ಚಿ, ಸ್ಕ್ಯಾನಿನಲ್ಲಿ ಬಳಸುವಂಥದೇ, ಕಿವಿಗೆ ಕೇಳದ ಶಬ್ದವನ್ನು ಒಂದೇ ಜಾಗಕ್ಕೆ ಗುರಿಯಿಡಬೇಕು. ಗುಳ್ಳೆಗಳು ನಡುಗಿ ಗೋಡೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಮದ್ದು ನುಸುಳುತ್ತದೆ. ನುಸುಳಿತೋ ಇಲ್ಲವೋ ತಿಳಿಯಲು ಇಲಿಯನ್ನು ಕೊಂದು ಮಿದುಳು ಸೀಳಿ ನೋಡಬೇಕು. ಮಿಡಿಯುವ ಪುಟ್ಟ ಗುಂಡಿಗೆ ತೋರಿಸಿ ತಾಯಂದಿರ ಮುಖ ಅರಳಿಸಿದವಳಿಗೆ ಇದು ಬಹಳ ದಿನ ಗಂಟಲಲ್ಲಿ ಇಳಿಯಲಿಲ್ಲ.

ಎರಡನೇ ವರ್ಷ ಭಾವ ಪಾಠದ ಮಧ್ಯೆಯೇ ಎಡಗೈ ಆಡದೆ ಕೂತುಬಿಟ್ಟ. ಬ್ರೇಕ್ ಒತ್ತಿ ಕಾರು ನಿಲ್ಲಿಸಿದವಳು ಕಲಿಯಲು ಬಂದಿದ್ದ ಹುಡುಗಿ. ಮಿದುಳಿನಲ್ಲಿ ಗಡ್ಡೆ. ಶಸ್ತ್ರಚಿಕಿತ್ಸೆ ಆಯಿತು, ಚಳಿಗಾಲ ಕಳೆಯುವಷ್ಟರಲ್ಲಿ ಗಡ್ಡೆ ಮತ್ತೆ ಚಿಗುರಿತು. ಆಸ್ಪತ್ರೆಯವರು ಕೊಡುತ್ತಲೇ ಇದ್ದ ಮದ್ದಿಗೂ ಅದು ಬಗ್ಗಲಿಲ್ಲ.

ಓರಗಿತ್ತಿ ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಇಲಿಗಳಿಗೆ ಮದ್ದು ಒಳಗೆ ಹೋಗುತ್ತೆ ಅಂತ ನೀನೇ ಹೇಳಿದ್ದೆ. ನಿಂಗೆ ಕೈ ಕುದುರಿದೆ. ಅವರಿಗೂ ಮಾಡು."

"ಅಕ್ಕ, ಇಲಿಯ ಬುರುಡೆ ಕಾಗದದ ಹಾಗೆ. ಮನುಷ್ಯರದ್ದು ದಪ್ಪ. ಶಬ್ದ ಜಾಸ್ತಿಯಾದ್ರೆ ರಕ್ತ ಸೋರುತ್ತೆ. ನನ್ನ ಕೈಯಲ್ಲೇ ಎಷ್ಟೋ ಇಲಿ ಹೋಗಿವೆ."

"ಇಲಿಗೆ ಇರೋ ಭಾಗ್ಯ ಅವರಿಗಿಲ್ಲ ಅನ್ನು."

ಮರುದಿನ ಅವಳು ಪ್ರಯೋಗಾಲಯದ ಮುಖ್ಯ ವಿಜ್ಞಾನಿಯನ್ನು ಅಂಗಲಾಚಿದಳು, ಕಾಲಿಗೆ ಬೀಳುವುದೊಂದು ಬಾಕಿ. ಆತ ದೂರದ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದ; ಅಲ್ಲಿ ರೋಗಿಗಳ ಮೇಲೆ ಪರೀಕ್ಷೆ ಆಗಷ್ಟೇ ಶುರುವಾಗಿತ್ತು. ಗಡ್ಡೆ ತೀರಾ ಹರಡಿದೆ, ಸೇರಿಸಿಕೊಳ್ಳಲಾಗದು ಎಂದು ಅಲ್ಲಿಯ ವೈದ್ಯರು ಹೇಳಿದರು. ಅಂದಿನಿಂದ ಓರಗಿತ್ತಿ ಅವಳೊಡನೆ ಮಾತು ಬಿಟ್ಟಳು.

ಭಾವ ಮಾತು ಬಿಡಲಿಲ್ಲ. ಮಾತು ತೊದಲುತ್ತಿದ್ದರೂ ಕರೆದು ಕೂರಿಸಿಕೊಂಡ. "ನಿಜ ಹೇಳು. ಕೊನೆಗೆ ಆ ಇಲಿಗಳನ್ನ ಏನ್ಮಾಡ್ತೀರಿ?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಾಯಿಸಿ ಒಳಗೆ ನೋಡ್ತೀವಿ, ಭಾವ."

ಆತ ಬಲಗೈಯಿಂದ ತನ್ನ ನೆತ್ತಿ ತಟ್ಟಿಕೊಂಡ. "ನಾನು ಹೇಗೂ ಸಾಯ್ತೀನಿ. ನಂದೂ ನೋಡಿ. ನೀವು ಸಾಯಿಸೋ ತಾಪತ್ರಯ ಇಲ್ಲ."

ಹೆಂಡತಿ ಕಿರುಚಾಡಿದಳು, ಅತ್ತಳು. ಕೊನೆಗೆ ಅವನ ಹಟಕ್ಕೆ ಮಣಿದು ಮಿದುಳು ದಾನದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಭಾವ ತೀರಿಕೊಂಡ ದಿನ, ಆಸ್ಪತ್ರೆಯವರು ಮಿದುಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ವಿಜ್ಞಾನಿ ಅವಳನ್ನು ಕರೆಯಲಿಲ್ಲ. ಅವಳೂ ಮಿದುಳು ಸೀಳಿ ನೋಡುವ ಕೋಣೆಗೆ ಹೋಗಲಿಲ್ಲ. ಇಲಿಗಳ ಪಂಜರದ ಮುಂದೆ ನಿಂತು ನೀರಿನ ಬಾಟಲಿಗಳನ್ನು ಬದಲಿಸುತ್ತಾ ಮಧ್ಯಾಹ್ನ ಕಳೆದಳು.

ವಾರಗಳ ನಂತರ ಫಲಿತಾಂಶ ಬಂತು. ಭಾವನ ಗಡ್ಡೆಯ ನಡುವೆ ರಕ್ತನಾಳಗಳ ಗೋಡೆ ತಾನೇ ಹರಿದುಹೋಗಿತ್ತು, ಮದ್ದು ಅಲ್ಲಿಗೆ ತಲುಪಿತ್ತು. ಆದರೆ ರೋಗ ಹೊಸದಾಗಿ ಹಬ್ಬುತ್ತಿದ್ದ ಅಂಚಿನಲ್ಲಿ ಗೋಡೆ ಗಟ್ಟಿಯಾಗಿಯೇ ಇತ್ತು. ಮದ್ದಿನ ಸುಳಿವೇ ಇರಲಿಲ್ಲ. "ನಾವು ಇಷ್ಟು ದಿನ ಇಲಿಗಳಲ್ಲಿ ಗಡ್ಡೆಯ ನಡುವಿಗೇ ಗುರಿಯಿಟ್ಟಿದ್ದೆವು," ಎಂದ ವಿಜ್ಞಾನಿ. ಇನ್ನು ಮೇಲೆ ಅಂಚಿಗೂ ಇಡಬೇಕು ಎಂದು ತೀರ್ಮಾನವಾಯಿತು. ಹಾಗೆ ಚಿಕಿತ್ಸೆ ಕೊಟ್ಟು, ಕೊಲ್ಲದೆ ಬಿಟ್ಟ ಇಲಿಗಳು ನಡುವಿಗಷ್ಟೇ ಗುರಿಯಿಟ್ಟವುಗಳಿಗಿಂತ ಹೆಚ್ಚು ಕಾಲ ಬದುಕಿದವು.

ಇದನ್ನು ಹೇಳಲು ಅವಳು ಓರಗಿತ್ತಿಯ ಬಳಿ ಹೋದಳು. ಓರಗಿತ್ತಿ ತಲೆ ತಗ್ಗಿಸಿ ಕೇಳಿದಳು.

"ನೀನು ನೋಡಿದೆಯಾ ಅವರದ್ದು?"

"ಇಲ್ಲ ಅಕ್ಕ. ನನ್ನ ಕೈಲಾಗಲಿಲ್ಲ."

"ಹೂಂ. ಮುಂದೆ ಯಾರಿಗಾದ್ರೂ ಉಪಯೋಗ ಆಗುತ್ತಾ?"

"ಆಗಬಹುದು. ಇವತ್ತೇ ಅಲ್ಲ. ಇಲಿಗಳಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗಲ್ಲ."

ಓರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಪಕ್ಕಕ್ಕೆ ಸರಿದು ಕೂತಳು. ಹೊರಗೆ ಯಾರೋ ಕಾರು ಕಲಿಯುತ್ತಾ ಗೇರ್ ಕರಕರ ಅನ್ನಿಸಿದರು. ಇಬ್ಬರೂ ಆ ಕಡೆ ನೋಡಿದರು.