ಟೀವಿಯ ಬೆನ್ನಿಗೆ ಬೀಸಣಿಗೆ

ಅಶ್ವತ್ಥಮ್ಮ ವೆಂಕಟರಮಣಪ್ಪನವರನ್ನು ಮೊದಲು ಕಂಡದ್ದು ಒಂದು ಮಂಗಳವಾರ ಸಂಜೆ, ಏಳಕ್ಕೆ ಹತ್ತು ನಿಮಿಷ ಇರುವಾಗ. ಗಂಡ ತೀರಿಕೊಂಡ ಮೇಲೆ ರಾಯಲ್ಪಾಡಿನಿಂದ ಹೋಳೂರಿಗೆ, ಮಗಳ ಮನೆಗೆ ಬಂದು ಆಗ ನಾಲ್ಕೇ ದಿನವಾಗಿತ್ತು. ಪಕ್ಕದ ಮನೆಗೆ ಹೊಸ ಟೀವಿ ಬಂದಿದೆ, ಏಳಕ್ಕೆ ಧಾರಾವಾಹಿ ಹಾಕುತ್ತಾರೆ ಎಂದು ಕೇಳಿ ಹೋದರೆ, ಬಾಗಿಲಲ್ಲೇ ಒಬ್ಬ ಹಿರಿಯರು ಅಡ್ಡ ನಿಂತರು.

"ಚಪ್ಪಲಿ ಅಲ್ಲೇ ಬಿಡಮ್ಮ. ಸುಣ್ಣದ ಮೇಲೆ ಕಾಲಿಟ್ಟು, ಬ್ಲೀಚಿಂಗ್ ನೀರಲ್ಲಿ ಕೈ ತೊಳ್ಕೊಂಡು ಒಳಗೆ ಬಾ."

"ಟೀವಿ ನೋಡೋಕೆ ಬಂದಿದ್ದೀನಣ್ಣ, ಆಪರೇಷನ್ ಮಾಡೋಕಲ್ಲ."

ಒಳಗಿನಿಂದ ಅವರ ಹೆಂಡತಿ ದೊಡ್ಡಗಂಗಮ್ಮನ ದನಿ ಬಂತು: "ತೊಳ್ಕೊಂಬಿಡಕ್ಕ. ಈ ಮನೆ ಸೊಸೆಯಾದಾಗಿಂದ ನಾನೂ ತೊಳೀತಾನೇ ಇದ್ದೀನಿ."

ವೆಂಕಟರಮಣಪ್ಪ ಮೂವತ್ತೊಂದು ವರ್ಷ ರೇಷ್ಮೆಹುಳು ಸಾಕಿದವರು. ಒಂದು ಬೇಸಿಗೆಯಲ್ಲಿ ಊಟವಾದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿದರು. ಕಿಟಕಿಯ ಒದ್ದೆ ಚೀಲ ಒಣಗಿ, ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಸೆಕೆಗೆ ಸತ್ತವು. ಅಂದಿನಿಂದ ಅವರು ಮಧ್ಯಾಹ್ನ ಮಲಗಿದವರಲ್ಲ. ಮಂಡಿನೋವು ಬಂದು ಹುಳು ಸಾಕುವುದು ಬಿಟ್ಟ ವರ್ಷ ಕೋಲಾರದಲ್ಲಿ ಟೀವಿ ಕೊಂಡರು. ಅಂಗಡಿಯವನು, "ಐದು ವರ್ಷ ಬಂದ್ರೆ ಹೆಚ್ಚು ಯಜಮಾನ್ರೇ, ಇವು ಸೆಕೆ ತಡೆಯಲ್ಲ" ಎಂದುಬಿಟ್ಟ. ಅದು ಅವರ ಎದೆಗೆ ನಾಟಿತು.

"ಹತ್ತು ವರ್ಷ ಬಾಳಿಸ್ತೀನಿ ಕಣೇ. ನನ್ನ ಕೈಯಲ್ಲಿ ಇನ್ನೊಂದು ಜೀವ ಸೆಕೆಗೆ ಹೋಗಬಾರದು" ಎಂದು ಹೆಂಡತಿಗೆ ಹೇಳಿದರಂತೆ.

ಟೀವಿಯನ್ನು ಹುಳುಮನೆಯಲ್ಲೇ ಇಟ್ಟರು. ಕಿಟಕಿಗಳಿಗೆ ಹಿಂದಿನಂತೆಯೇ ಒದ್ದೆ ಗೋಣಿಚೀಲ, ಗೋಡೆಗೆ ಹಿಂದಿನದೇ ಥರ್ಮಾಮೀಟರು, ಬಾಗಿಲಲ್ಲಿ ಹಿಂದಿನದೇ ಸುಣ್ಣ, ಬ್ಲೀಚಿಂಗ್ ನೀರು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಟೀವಿಗೂ ನಾಲ್ಕು ದಿನಕ್ಕೊಮ್ಮೆ ಒಂದು ದಿನ ಜ್ವರ ಎಂದು ಗೊತ್ತುಮಾಡಿದರು. ಆ ದಿನ ಯಾರೂ ಮುಟ್ಟುವಂತಿಲ್ಲ. ಧಾರಾವಾಹಿಯ ಮದುವೆ ಜ್ವರದ ದಿನವೇ ಬಿತ್ತು. ಮರುದಿನ ಅಶ್ವತ್ಥಮ್ಮ ಹೋಗುವಷ್ಟರಲ್ಲಿ ಮದುಮಗಳು ಅತ್ತೆಮನೆಯಲ್ಲಿ ಅಳುತ್ತಿದ್ದಳು.

ಮೂರನೇ ವರ್ಷ ಪರದೆಯ ಮೇಲೆ ಗೆರೆಗಳು ಬಂದವು. ವೆಂಕಟರಮಣಪ್ಪ ಎರಡು ದಿನ ಊಟ ಬಿಟ್ಟರು. ಶ್ರೀನಿವಾಸಪುರದಿಂದ ರಿಪೇರಿ ಉಮಾಶಂಕರ್ ಬಂದು, ಟೀವಿ ಬಿಚ್ಚಿ, ಮೂಸಿ ನೋಡಿದ.

"ಯಜಮಾನ್ರೇ, ಇದು ಹುಳ ಅಲ್ಲ. ಒಳಗೆ ತೇವ ಕೂತಿದೆ. ಮೊದ್ಲು ಆ ಚೀಲ ಕಿತ್ತಾಕಿ. ಗೋಡೆಯಿಂದ ಒಂದು ಗೇಣು ಈಚೆಗಿಡಿ, ಹಿಂದೆ ಗಾಳಿ ಆಡ್ಲಿ. ಪರದೆ ಬೆಳಕು ನೂರಕ್ಕಿದೆ, ಐವತ್ತಕ್ಕೆ ಇಳಿಸಿ. ನೋಡದಾಗ ಪ್ಲಗ್ ತೆಗೀರಿ. ಇಷ್ಟೇ."

"ಐವತ್ತಕ್ಕೇ ಇಷ್ಟು ಒಳ್ಳೇದಾದ್ರೆ, ಐದಕ್ಕಿಟ್ರೆ?"

"ಐದಕ್ಕಿಟ್ರೆ ನಿಮಗಿಂತ ಹೆಚ್ಚು ದಿನ ಬಾಳುತ್ತೆ. ಕಾಣಲ್ಲ, ಅಷ್ಟೇ."

ವೆಂಕಟರಮಣಪ್ಪ ಕೇಳಿಸಿಕೊಂಡದ್ದು ಮೊದಲನೆಯ ಮಾತು ಮಾತ್ರ. ಬೆಳಕನ್ನು ಐದಕ್ಕೆ ಇಳಿಸಿದರು. ಟೀವಿಯನ್ನು ಒಂದು ಗೇಣಲ್ಲ, ಎರಡು ಮೊಳ ಈಚೆಗೆ ತಂದು, ಹಿಂದೆ ಮಣೆ ಹಾಕಿಕೊಂಡು, ಬೀಸಣಿಗೆ ಹಿಡಿದು ಕೂತರು.

ದೊಡ್ಡಗಂಗಮ್ಮ ಬಿಡಲಿಲ್ಲ: "ನಾಲ್ಕು ಬಾಣಂತನ ಆಯ್ತು ನಂಗೆ. ಒಂದು ಸಲನಾದ್ರೂ ಹಿಂಗೆ ಗಾಳಿ ಹಾಕಿದ್ಯಾ?"

"ನಿನಗೆ ಐದೇ ವರ್ಷ ಅಂತ ಯಾರೂ ಹೇಳಿರ್ಲಿಲ್ಲ ಕಣೇ."

ಅದೇ ತಿಂಗಳು ಹಳೆಯ ಧಾರಾವಾಹಿ ಮುಗಿದು ಹೊಸದು ಶುರುವಾಯಿತು. ಪರದೆಯಲ್ಲಿ ಕತ್ತಲು ಕತ್ತಲಿನ ಜೊತೆ ಜಗಳವಾಡುತ್ತಿತ್ತು. ಕೆಮ್ಮಿದರೆ ಅತ್ತೆ, ಬಳೆ ಸದ್ದಾದರೆ ಸೊಸೆ. ಮಾವ ಎಂದುಕೊಂಡು ಅಶ್ವತ್ಥಮ್ಮ ಒಂದು ವರ್ಷ ನೋಡಿದ್ದು ಬೀರು ಎಂದು ಆಮೇಲೆ ತಿಳಿಯಿತು.

"ಅಣ್ಣ, ಒಂದು ಚೂರು ಬೆಳಕು ಮಾಡಣ್ಣ" ಎಂದರೆ ಹಿಂದಿನಿಂದ ಉತ್ತರ ಬರುತ್ತಿತ್ತು: "ಮೂವತ್ತೆರಡು ಡಿಗ್ರಿ ಇದೆಯಮ್ಮ. ಇವತ್ತು ಆಗಲ್ಲ."

ಹೀಗೆ ಏಳು ವರ್ಷ. ಮುಂದೆ ಹೆಂಗಸರಿಬ್ಬರು, ಹಿಂದೆ ಬೀಸಣಿಗೆಯ ಸದ್ದು. ಸೊಸೆ ಬಿಕ್ಕಿದರೆ ಸದ್ದು ನಿಧಾನವಾಗುತ್ತಿತ್ತು. ಅಶ್ವತ್ಥಮ್ಮ ಅದನ್ನು ಗಮನಿಸಿದ್ದರು, ಏಕೆಂದು ಕೇಳಿರಲಿಲ್ಲ.

ಹತ್ತನೇ ವರ್ಷ ತುಂಬುವ ವಾರ ವೆಂಕಟರಮಣಪ್ಪ ಹಾಸಿಗೆ ಹಿಡಿದರು. ಮಂಚವನ್ನೂ ಟೀವಿಯ ಹಿಂದೆಯೇ ಹಾಕಿಸಿಕೊಂಡರು. ಹತ್ತು ತುಂಬಿದ ದಿನ ಸಂಜೆ ಅಶ್ವತ್ಥಮ್ಮ ಕೈ ತೊಳೆದು ಒಳಗೆ ಬಂದಾಗ ಟೀವಿ ನಡೆಯುತ್ತಿತ್ತು, ಬೀಸಣಿಗೆ ಅವರ ಎದೆಯ ಮೇಲಿತ್ತು. ಕಣ್ಣಲ್ಲೇ ಸನ್ನೆ ಮಾಡಿದರು. ಅಶ್ವತ್ಥಮ್ಮ ಟೀವಿಯ ಬೆನ್ನಿಗೆ ಅಂಗೈ ಇಟ್ಟು, ಹತ್ತು ಎಣಿಸಿ, ತೆಗೆದರು.

"ತಣ್ಣಗಿದೆ ಅಣ್ಣ. ಇವತ್ತಿಗೆ ಹತ್ತು ತುಂಬ್ತು."

ಅವರ ಮುಖ ಸಡಿಲವಾಯಿತು. ಮೂರನೇ ದಿನ ತೀರಿಕೊಂಡರು. ಅಶ್ವತ್ಥಮ್ಮನನ್ನು ಅವರು ಕೊನೆಯದಾಗಿ ಏನನ್ನಾದರೂ ಕೇಳಿದ್ದು ಆ ಸಂಜೆಯೇ. ಮುಂದುಗಡೆ ಧಾರಾವಾಹಿಯ ಸೊಸೆ ಎಂದಿನಂತೆ ಅಳುತ್ತಿದ್ದಳು. ಅವರು ಹತ್ತಿರ ಕರೆದು, ಹೆಂಡತಿಗೆ ಕೇಳಿಸದ ಹಾಗೆ ಕೇಳಿದರು:

"ಏಳು ವರ್ಷ ಬರೀ ದನಿ ಕೇಳ್ದೆ ಅಶ್ವತ್ಥಮ್ಮ. ನೀನು ಮುಂದೆ ಕೂತಿದ್ದವಳು, ಹೇಳು... ಆ ಹುಡುಗಿ ನೋಡೋಕೆ ಹೆಂಗಿದ್ದಾಳಮ್ಮ?"