ಹದಿನಾರು ಕಂಪ್ಯೂಟರ್‌ಗಳ ಒಮ್ಮತ

ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಅನುಮಾನದಕ್ಕ. ಲಿಫ್ಟಿನ ಬಾಗಿಲು ತೆರೆದರೂ ಒಳಗೆ ಇಣುಕಿ ನೋಡಿಯೇ ಕಾಲಿಡುವವಳು. ಇಪ್ಪತ್ತೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತು ನಕ್ಷೆ ಬರೆದ ನನಗೆ ಅವಳ ಕಾಟ ಚೆನ್ನಾಗಿ ಗೊತ್ತು.

ಕಟ್ಟಡಕ್ಕೆ ಬೆಂಕಿ ಬಿದ್ದರೆ ಜನ ಹೇಗೆ ಹೊರಗೋಡುತ್ತಾರೆಂದು ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದು ಅವಳ ಕೆಲಸ. ಯಾರು ಎತ್ತ ತಿರುಗಬೇಕು, ಯಾರು ಎಡವಬೇಕು ಎಂಬುದನ್ನು ದಾಳ ಹಾಕಿದಂತೆ ಬರುವ ಅಂಕಿಗಳು ತೀರ್ಮಾನಿಸುತ್ತವೆ. ನಿಜವಾದ ದಾಳವಲ್ಲ, ಬೀಜವೆಂದು ಒಂದು ಅಂಕಿ ಕೊಟ್ಟರೆ ಲೆಕ್ಕ ಹಾಕಿ ಹುಟ್ಟಿಸುವ ಸಾಲು. ಬೀಜ ಒಂದೇ ಆದರೆ ಸಾಲೂ ಒಂದೇ.

ಆ ಸಲ ಕಣ್ಣಿನ ಆಸ್ಪತ್ರೆ. ಮೂರನೇ ಮಹಡಿಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಲವತ್ತು ರೋಗಿಗಳು. ಒಂದು ಮೆಟ್ಟಿಲುಸಾಲು ಸಾಕೋ, ಎರಡು ಬೇಕೋ? ಹನ್ನೆರಡು ಗಂಟೆಗೆ ನಕ್ಷೆಗೆ ಸಹಿ. ಬೆಳಿಗ್ಗೆ ಒಟ್ಟಿಗೆ ಈ ಆಟ ಓಡಿಸಿದ ಹದಿನಾರು ಕಂಪ್ಯೂಟರ್‌ಗಳೂ ಒಂದೇ ಉತ್ತರ ಕೊಟ್ಟವು: ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಎಲ್ಲರೂ ಹೊರಗೆ.

“ಒಂದೇ ಸಾಕು ಬಿಡಿ!” ಸಾಹೇಬರು ಕೈ ತಟ್ಟಿದರು.

“ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ವಲ್ಲ ಸಾರ್? ನಂಗ್ಯಾಕೋ ಸರಿ ಕಾಣ್ತಿಲ್ಲ.”

“ಶುರುವಾಯ್ತಪ್ಪಾ,” ಎಂದೆ ನಾನು.

ಅವಳು ನಾಲ್ಕು ಪರದೆಗಳನ್ನು ಅಕ್ಕಪಕ್ಕ ಇಟ್ಟು ಆಡಿಸಿದಳು. ನಾಲ್ಕರಲ್ಲೂ ಹದಿನೇಳನೇ ರೋಗಿ ಐದನೇ ಮೆಟ್ಟಿಲಲ್ಲೇ ಎಡವಿದ. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

“ಅಯ್ಯೋ, ಇದು ಹದಿನಾರು ಬೆಂಕಿ ಅಲ್ಲ ಕಣೇ! ಒಂದೇ ಬೆಂಕಿನ ಹದಿನಾರು ಸಲ ನೋಡಿದೀವಿ! ಬೀಜನ ಗಡಿಯಾರದಿಂದ ತಗೊಳ್ಳಿ ಅಂತ ಬರೆದವಳು ನಾನೇ. ಎಲ್ಲಾ ಒಂದೇ ಸೆಕೆಂಡಿಗೆ ಶುರುವಾಗಿವೆ, ಬೀಜಾನೂ ಒಂದೇ ಆಗೋಗಿದೆ.”

ತನ್ನ ತಪ್ಪನ್ನು ಅಷ್ಟು ಉತ್ಸಾಹದಿಂದ ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ. ಅಂಕಿಗಳ ಒಂದೇ ಉದ್ದನೆಯ ಸಾಲನ್ನು ಹದಿನಾರು ತುಂಡು ಮಾಡಿ, ಒಂದರ ಪಾಲು ಇನ್ನೊಂದಕ್ಕೆ ತಗಲದಂತೆ ಹಂಚಿದಳು. ಹನ್ನೊಂದೂವರೆಗೆ ಮತ್ತೆ ಓಡಿಸಿದಳು. ನಾನು ಕೆಲಸ ಬಿಟ್ಟು ಅವಳ ಬೆನ್ನಿಗೆ ಬಂದು ನಿಂತೆ.

ಮೂರೂವರೆ ನಿಮಿಷ. ಐದು. ನಾಲ್ಕು. ಒಂಬತ್ತನೆಯದರಲ್ಲಿ ಮೆಟ್ಟಿಲ ತಿರುವಿನಲ್ಲೇ ಜನ ಕಟ್ಟಿಕೊಂಡರು. ಹೊಗೆ ತುಂಬುವ ಹೊತ್ತಿಗೆ ಹನ್ನೊಂದು ರೋಗಿಗಳು ಒಳಗೇ ಉಳಿದಿದ್ದರು. ಹದಿಮೂರನೆಯದರಲ್ಲಿ ಆರು.

ಸಾಹೇಬರು ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. “ಎರಡನೇ ಮೆಟ್ಟಿಲುಸಾಲು ಎಲ್ಲಿ ಕೂರುತ್ತೆ ನೋಡಮ್ಮ.”

ಪಡಸಾಲೆಯ ಆ ತುದಿಗೆ ಗೆರೆ ಎಳೆದೆ. ಅವಳು ಅದನ್ನೂ ನಂಬದೆ ಮತ್ತೆ ಓಡಿಸಿದಳು. ಹದಿನಾರೂ ಒಂದೊಂದು ಸಮಯ ಹೇಳಿದವು. ಒಳಗೆ ಯಾರೂ ಉಳಿದಿರಲಿಲ್ಲ.